ಎರಡಾಣೆಯಿಂದ ಶೇ. 2ರವರೆಗೆ

ಮೀನು ಬಿದ್ದ ದಿನ ಕೈತುಂಬ ಕಾಸು, ಬೀಳದ ದಿನ ಸಾಲ. ಕರಾವಳಿಯ ಬೀಜಾಡಿಯಿಂದ ಬೈಂದೂರಿನವರೆಗೆ ನಾಡದೋಣಿ, ಕೈರಂಪಣಿಯನ್ನು ನಂಬಿದ ಮನೆಗಳ ಬದುಕು ಸಾಗಿದ್ದೇ ಹೀಗೆ. ಇಂಥ ಮನೆಗಳಲ್ಲೂ ಉಳಿತಾಯ ಸಾಧ್ಯ ಎಂದು ನಂಬಿದ್ದು ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆ ಅದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು.

1928ರಲ್ಲಿ ಅದು ಪಿಗ್ಮಿ ಯೋಜನೆ ತಂದಿತು. ಏಜೆಂಟ್ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಪಡೆದು ಲೆಕ್ಕಕ್ಕೆ ಸೇರಿಸುತ್ತಿದ್ದ. ಇದಕ್ಕೆ ಯಾವ ಸರ್ಕಾರವೂ ಗುರಿ ಕೊಟ್ಟಿರಲಿಲ್ಲ. ಬ್ಯಾಂಕಿಗೆ ಠೇವಣಿ ಬೇಕಿತ್ತು, ಬಡವರಿಗೆ ಕೂಡಿಡಲು ಜಾಗ ಬೇಕಿತ್ತು. ವ್ಯಾಪಾರವೂ ಹೊಣೆಗಾರಿಕೆಯೂ ಇಲ್ಲಿ ಬೇರೆಬೇರೆಯಾಗಿರಲಿಲ್ಲ.

ಗುರಿಗಳು ಬಂದದ್ದು 1969ರ ಜುಲೈ 19ರ ಬ್ಯಾಂಕ್ ರಾಷ್ಟ್ರೀಕರಣದ ನಂತರ. ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಎರಡೂ ಆಗ ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳ ಪಟ್ಟಿಯಲ್ಲಿದ್ದವು. ಅದೇ ಡಿಸೆಂಬರಿನಲ್ಲಿ, ಪ್ರತಿ ಜಿಲ್ಲೆಯ ಹೊಣೆಯನ್ನು ಒಂದು ಬ್ಯಾಂಕಿಗೆ ವಹಿಸುವ ಲೀಡ್ ಬ್ಯಾಂಕ್ ಯೋಜನೆ ಬಂತು. ಮುಂದೆ ಆದ್ಯತಾ ವಲಯಕ್ಕೆ ಒಟ್ಟು ಸಾಲದ ಶೇ. 40, ಅದರೊಳಗೆ ಕೃಷಿಗೆ ಶೇ. 18 ಎಂದು ನಿಗದಿಯಾಯಿತು. ಮೀನುಗಾರಿಕೆಯ ಸಾಲವೂ ಕೃಷಿಯ ಲೆಕ್ಕಕ್ಕೇ ಸೇರುತ್ತದೆ. ಜನಾರ್ದನ ಪೂಜಾರಿ ಅವರು ಕೇಂದ್ರ ಹಣಕಾಸು ಖಾತೆಯಲ್ಲಿದ್ದಾಗ, 1980ರ ದಶಕದಲ್ಲಿ, ಸಾಲಮೇಳಗಳು ನಡೆದವು. ಬ್ಯಾಂಕಿನ ಮೆಟ್ಟಿಲು ಹತ್ತದವರ ಕೈಗೂ ಸಾಲ ಬಂತು. ಇದು ಸಣ್ಣ ಸಾಧನೆಯಲ್ಲ. ಆದರೆ ಮಾರ್ಚ್ ಕೊನೆಗೆ ಗುರಿ ಮುಟ್ಟಿತೇ ಎಂಬ ಪ್ರಶ್ನೆ ಮುಂದಾದಲ್ಲೆಲ್ಲ, ಸಾಲಗಾರನ ಕಸುಬು ಏನಾಯಿತು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ.

1982ರಲ್ಲಿ ಉಜಿರೆಯಲ್ಲಿ ಇದು ತಿರುವುಮುರುವಾಯಿತು: ಅಲ್ಲಿ ಗುರಿಗಿಂತ ಕಸುಬು ಮುಂದಾಯಿತು. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಸಂಸ್ಥೆ ಸಿಂಡಿಕೇಟ್, ಕೆನರಾ ಬ್ಯಾಂಕುಗಳೊಂದಿಗೆ ಸೇರಿ ರುಡ್‌ಸೆಟ್ ಸ್ಥಾಪಿಸಿತು: ನಿರುದ್ಯೋಗಿ ಯುವಜನರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ, ಮುಗಿದ ಮೇಲೂ ಬೆನ್ನ ಹಿಂದೆ ನಿಲ್ಲುವ ಕ್ರಮ. ಬ್ರಹ್ಮಾವರದಲ್ಲೂ ಅದರ ಕೇಂದ್ರವಿದೆ. ಈ ಮಾದರಿಯನ್ನೇ ಕೇಂದ್ರ ಸರ್ಕಾರ ಮುಂದೆ ಜಿಲ್ಲೆಗೊಂದು ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಎಂಬ ಗುರಿಯಾಗಿ ದೇಶಕ್ಕೆಲ್ಲ ಹಬ್ಬಿಸಿತು.

ಈಗಿನ ಕಾಲದ ಗುರಿ ಶೇ. 2. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಖಾಸಗಿಯಾಗಿಯೇ ಉಳಿದ ಮಂಗಳೂರಿನ ಕರ್ನಾಟಕ ಬ್ಯಾಂಕ್ ಇದರ ವ್ಯಾಪ್ತಿಗೆ ಬರುತ್ತದೆ. 2020ರಲ್ಲಿ ಸಿಂಡಿಕೇಟನ್ನು ವಿಲೀನ ಮಾಡಿಕೊಂಡ ಕೆನರಾ ಬ್ಯಾಂಕ್, ಬೇರೆ ಕಾಯ್ದೆಯಡಿಯ ಸಂಸ್ಥೆಯಾದ್ದರಿಂದ, ಬರುವುದಿಲ್ಲ.

ಈ ಶೇ. 2ರ ಹಣ ಲಾಭಕ್ಕೆ ಕಟ್ಟುಬಿದ್ದಿದೆ: ಆರ್ಥಿಕತೆ ಸೊರಗಿ ಲಾಭ ಇಳಿದರೆ ನೆರವು ಹೆಚ್ಚು ಬೇಕಾದ ಹೊತ್ತಿಗೇ ಆ ಹಣವೂ ಇಳಿಯುತ್ತದೆ. ಕೇಂದ್ರದ ನಿಧಿಗಳಿಗೆ ಕೊಟ್ಟರೂ ಕಾನೂನು ಒಪ್ಪುತ್ತದೆ. ಆಗ ಗುರಿ ಮುಟ್ಟುತ್ತದೆ, ಊರು ತಪ್ಪುತ್ತದೆ.

ಕಂಪನಿ ಕೆಲಸ ಮಾಡುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು ಅದೇ ಕಲಂ ಹೇಳುತ್ತದೆ. ಮಂಜೂರಾದ ಯೋಜನೆಗಳನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಲೇಬೇಕು. ಬೀಜಾಡಿಯಂಥ ಊರುಗಳ ಗ್ರಾಮಸಭೆಗಳು ಆ ಪಟ್ಟಿಯನ್ನು ತೆರೆದು ನೋಡಲಿ, ತಮ್ಮ ಬೇಡಿಕೆಯನ್ನು ಬರೆದು ಕಳಿಸಲಿ.