ತೂತಿಲ್ಲದ ಮಾಚಿಕಾಯಿ

ನಮ್ಮದು ಗ್ರಂಥಿಗೆ ಅಂಗಡಿ. ಮೊಮ್ಮಗುವಿಗೆ ಮದ್ದು ತೇಯುವ ಅಜ್ಜಿಯರು ಬಜೆ, ಜಾಯಿಕಾಯಿ, ಅಳಲೆಕಾಯಿಗಳನ್ನು ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಮಾಚಿಕಾಯಿಗೆ ಬಂದಾಗ ಮಾತ್ರ ದನಿ ಬಿಗಿಯಾಗುತ್ತಿತ್ತು: "ತೂತಿಲ್ಲದ್ದು ನೋಡಿ ಕೊಡಪ್ಪ." ಅಪ್ಪ ಡಬ್ಬಿಯನ್ನು ತಟ್ಟೆಗೆ ಸುರಿದು, ಮೈಮೇಲೆ ಗುಬುಟುಗಳಿರುವ ಆ ಗೋಲಿ ಗಾತ್ರದ ಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ಆರಿಸುತ್ತಿದ್ದರು. ನೀಲಿಗಪ್ಪಾಗಿ ಭಾರವಿದ್ದವು ಮೊದಲ ದರ್ಜೆ. ಬಿಳಿಚಿಕೊಂಡು ಹಗುರಾಗಿ, ಪಕ್ಕದಲ್ಲಿ ಸಾಸಿವೆಯಷ್ಟು ತೂತಿದ್ದವು ಹಲ್ಲುಪುಡಿ ಮಾಡುವವರ ಪಾಲು. "ಹುಳ ತಿಂದದ್ದು" ಎನ್ನುತ್ತಿದ್ದರು ಅಪ್ಪ. ಅವರ ನಂತರ ಗಲ್ಲಾದಲ್ಲಿ ಕೂತ ನಾನೂ ಬಹಳ ವರ್ಷ ಹಾಗೇ ಹೇಳಿದೆ.

ತಿಂದ ಹುಳ ಅದಲ್ಲ, ಕಟ್ಟಿಸಿದ ಹುಳ. ಮಾಚಿಕಾಯಿ ಯಾವ ಹೂವಿನಿಂದಲೂ ಆದದ್ದಲ್ಲ. ಟರ್ಕಿ, ಸಿರಿಯಾ, ಇರಾಕ್, ಇರಾನಿನ ಗುಡ್ಡಗಳಲ್ಲಿ ಒಂದು ಗಿಡ್ಡ ಓಕ್ ಮರವಿದೆ. ಸಣ್ಣ ಕಣಜವೊಂದು ಅದರ ಮೊಗ್ಗಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಮರಿ ಬೆಳೆಯತೊಡಗಿದಂತೆ ಮೊಗ್ಗು ತನ್ನ ಕೆಲಸ ಮರೆತು ಉರುಟಾಗಿ ಊದುತ್ತದೆ; ನಡುವೆ ಮರಿಗೆ ಮೆತ್ತನೆಯ ಆಹಾರ, ಸುತ್ತ ಕಹಿ ಒಗರಿನ ಗೋಡೆ. ಒಣಗಿದ ಕಾಯಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಈ ಒಗರೇ, ಅಂದರೆ ಟ್ಯಾನಿನ್. ಬೆಳೆದ ಕಣಜ ಗೋಡೆ ಕೊರೆದು ಹೊರಬರುತ್ತದೆ. ಬರುವವೆಲ್ಲ ಹೆಣ್ಣೇ. ಹೊಂಗೆ ಎಲೆಯ ಮೇಲೆ ಗಂಟುಗಳನ್ನು ಕಂಡಿದ್ದೀರಲ್ಲ, ಅದು ನುಸಿಯ ಕೈವಾಡ. ಉಪಾಯ ಮಾತ್ರ ಇದೇ.

ಈ ಮರಕ್ಕೂ ಕಣಜಕ್ಕೂ ಶಾಸ್ತ್ರೀಯ ಹೆಸರಿಟ್ಟವನು ಫ್ರಾನ್ಸಿನ ಒಲಿವಿಯೆ. ವ್ಯಾಪಾರಿಗಳಿಗೆ ಮಾತ್ರ ಇದು ಅಲೆಪ್ಪೊ ಕಾಯಿ. ಕುರ್ದಿಸ್ತಾನದ ಬೆಟ್ಟಗಳಲ್ಲಿ ಆಯ್ದ ಸರಕು ಅಲೆಪ್ಪೊ, ಸ್ಮಿರ್ನಾಗಳಿಂದ ಯುರೋಪಿಗೆ ಹೋಗುತ್ತಿತ್ತು. ಒಂದು ಪಾಲು ಪರ್ಷಿಯನ್ ಕೊಲ್ಲಿ ದಾಟಿ ಮುಂಬಯಿಗೆ ಬರುತ್ತಿತ್ತು. ಅಲ್ಲಿನ ವ್ಯಾಪಾರಿಗಳೂ ಅಪ್ಪನ ಹಾಗೆಯೇ ನೀಲಿ, ಬಿಳಿ ಎಂದು ಬೇರ್ಪಡಿಸುತ್ತಿದ್ದರು. ಕಣಜ ಹೊರಬೀಳುವ ಮುಂಚೆ ಕಿತ್ತದ್ದಕ್ಕೆ ಬೆಲೆ ಹೆಚ್ಚು.

ಕಾಯಿಯೊಳಗೆ ಹುಳ ಬಂದದ್ದು ಹೇಗೆ ಎಂಬುದು ವಿದ್ವಾಂಸರನ್ನೂ ಕಾಡಿತು. ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ, ಮುಚ್ಚಿಟ್ಟ ಮಾಂಸದಲ್ಲಿ ಹುಳ ತಾನಾಗಿ ಹುಟ್ಟುವುದಿಲ್ಲ ಎಂದು ತೋರಿಸಿಕೊಟ್ಟವನು. ಅಂಥವನೇ ಓಕ್ ಗಂಟಿನ ಮುಂದೆ ಮುಗ್ಗರಿಸಿದ: ಈ ಹುಳವನ್ನು ಮರದ ಜೀವಶಕ್ತಿಯೇ ಹುಟ್ಟಿಸುತ್ತದೆ ಎಂದುಬಿಟ್ಟ. ಅವನನ್ನು ಕಂಡರೆ ನನಗೆ ಒಂದು ಬಗೆಯ ಸಲಿಗೆ. 1679ರಲ್ಲಿ ಗಂಟುಗಳ ಬಗೆಗೆ ಬರೆದ ಮಾರ್ಸೆಲೊ ಮಾಲ್ಪೀಗಿ ಕೀಟವೊಂದು ಓಕ್ ಮೊಗ್ಗಿಗೆ ಮೊಟ್ಟೆಯಿಡುವುದನ್ನು ಕಣ್ಣಾರೆ ಕಂಡಿದ್ದ.

ಅಷ್ಟು ಹೊತ್ತಿಗೆ ಯುರೋಪು ನೂರಾರು ವರ್ಷ ಈ ಗಂಟುಗಳಲ್ಲೇ ಬರೆದಾಗಿತ್ತು. ಜಜ್ಜಿ ನೆನೆಸಿದ ರಸಕ್ಕೆ ಅನ್ನಭೇದಿ, ಗೋಂದು ಸೇರಿಸಿದರೆ ಮಸಿ. ಅನ್ನಭೇದಿಯೂ ನಮ್ಮಲ್ಲಿದ್ದದ್ದೇ, ಎರಡೂ ಡಬ್ಬಿಗಳು ಒಂದೇ ಸಾಲಿನಲ್ಲಿದ್ದವು. ಬೆರೆಸಬೇಕೆಂದು ನಮಗೆ ಹೊಳೆದಿರಲಿಲ್ಲ. ಕಳೆದ ವರ್ಷ ಬೆರೆಸಿದೆ. ಹಳೇ ಲೆಕ್ಕದ ಪುಸ್ತಕದಲ್ಲಿ ಬರೆದಾಗ ಚಹದ ಡಿಕಾಕ್ಷನ್ನಿನಂತೆ ತೆಳ್ಳಗಿದ್ದ ಅಕ್ಷರ ಗಾಳಿ ತಾಗಿ ಬೆಳಗಾಗುವುದರೊಳಗೆ ಕಪ್ಪಗೆ ಕೂತಿತ್ತು. ತೊಳೆದರೆ ಹೋಗದು. ಆದರೆ ಕಾಲ ಕಳೆದಂತೆ ಕಾಗದವನ್ನೇ ತಿನ್ನುವ ಗುಣವೂ ಇದಕ್ಕಿದೆ. ಸಂಗೀತಗಾರ ಬಾಖ್‌ನ ಕೈಬರಹದ ಹಾಳೆಗಳನ್ನು ಈ ಮಸಿ ತೂತು ಮಾಡಿದೆ.

ಅದೇ ರಾತ್ರಿ ತೂತಿಲ್ಲದ ಒಂದು ಕಾಯಿಯನ್ನು ಅಡಕೊತ್ತಿನಲ್ಲಿ ಸೀಳಿದೆ. ನಡುವಿನ ಪುಟ್ಟ ಗೂಡಿನಲ್ಲಿ ಕಣಜ ಒಣಗಿ ಮುದುಡಿತ್ತು. ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಯ ಅಜ್ಜಿಯೊಬ್ಬರು ಮೊನ್ನೆ ಬಂದು, ತೂತಿಲ್ಲದ್ದೇ ಬೇಕೆಂದರು. ಆರಿಸಿ ಕೊಟ್ಟೆ, ಬೇರೇನೂ ಹೇಳಲಿಲ್ಲ.