ಒಂದು ಬೋಕಿಯ ಸಾಕ್ಷ್ಯ: ಜಪಾನಿನ ಇಂದಿನ ಕುಂಭಕಲೆ ಮತ್ತು ಅದರ ಬೇರುಗಳು

1930ರ ಏಪ್ರಿಲ್ ತಿಂಗಳಲ್ಲಿ, ನಗೋಯಾ ನಗರದಲ್ಲಿ, ಅರಾಕಾವಾ ತೊಯೋಜೊ ಎಂಬ ಕುಂಬಾರರು ಹಳೆಯ ಚಹಾ ಬಟ್ಟಲೊಂದನ್ನು ಕೈಗೆತ್ತಿಕೊಂಡು ಬೋರಲು ಹಾಕಿ ನೋಡಿದರು. ಮೈಮೇಲೆ ಹಾಲುಬಿಳುಪಿನ ದಪ್ಪ ಮೆರುಗು, ಅದರಡಿಯಲ್ಲಿ ಕಳಲೆಯ ಚಿತ್ರ. ಬುಡದ ಬಳೆಗೆ ಕೆಂಪು ಮಣ್ಣಿನ ಸಣ್ಣದೊಂದು ಹರಳು ಅಂಟಿಕೊಂಡಿತ್ತು. 'ಶಿನೊ' ಎಂದು ಹೆಸರಾದ ಈ ಪಾತ್ರೆಗಳು ಸೆಟೊ ಊರಿನಲ್ಲಿ ತಯಾರಾದವು ಎಂಬುದು ಅಂದಿಗೆ ವಿದ್ವಾಂಸರೆಲ್ಲ ಒಪ್ಪಿದ್ದ ಮಾತು. ಆ ಕೆಂಪು ಮಣ್ಣು ಸೆಟೊದ್ದಾಗಿರಲಾರದು ಎಂದು ಅರಾಕಾವಾ ಅವರಿಗೆ ಅನ್ನಿಸಿತು. ಕೆಲವೇ ದಿನಗಳಲ್ಲಿ ಅವರು ತಮ್ಮ ಹುಟ್ಟುನೆಲವಾದ ಮಿನೊ ಪ್ರದೇಶಕ್ಕೆ ಹೋಗಿ, ಮುತಾಬೋರಾ ಎಂಬಲ್ಲಿದ್ದ ಪಾಳುಬಿದ್ದ ಆವಿಗೆಯ ಬಳಿ ನೆಲ ಕೆದಕಿದರು. ಸಿಕ್ಕಿದ್ದು ಒಂದು ಬೋಕಿ. ಅದರ ಮೇಲೂ ಅದೇ ಕಳಲೆಯ ಚಿತ್ರವಿತ್ತು.

ಶಿನೊ ತಯಾರಾದದ್ದು ಮಿನೊದಲ್ಲಿ ಎಂದು ತೋರಿಸಿ ಜಪಾನಿನ ಕುಂಭಕಲೆಯ ಚರಿತ್ರೆಯನ್ನು ತಿದ್ದಿದ ಈ ಬೋಕಿ ಪರಂಪರೆಯ ಬಗೆಗೂ ಒಂದು ಪ್ರಶ್ನೆ ಎತ್ತುತ್ತದೆ. ಜಪಾನಿನ ಇಂದಿನ ಕುಂಭಕಲೆಯನ್ನು ಸಾವಿರಾರು ವರ್ಷಗಳಿಂದ ಮುರಿಯದೆ ಹರಿದುಬಂದ ಧಾರೆ ಎಂದು ವರ್ಣಿಸುವುದು ವಾಡಿಕೆ. ಆಧಾರಗಳು ಬೇರೆಯದನ್ನೇ ಹೇಳುತ್ತವೆ. ಈ ಪರಂಪರೆ ಹಲವು ಸಲ ಕಡಿದುಹೋಗಿದೆ, ಹೊರಗಿನಿಂದ ಬಂದದ್ದನ್ನು ಕೂಡಿಸಿಕೊಂಡಿದೆ, ಮರೆತದ್ದನ್ನು ನೆಲ ಅಗೆದು ಮರಳಿ ಪಡೆದಿದೆ. ಇಂದಿನ ಕಲಾವಿದರ ಧೈರ್ಯದ ಮೂಲವೂ ಅದೇ ಎಂಬುದು ಈ ಲೇಖನದ ವಾದ.

ಬೇರುಗಳು

ಜಪಾನಿನ ಅತಿ ಹಳೆಯ ಮಡಕೆಗಳ ಕಾಲ ಸುಮಾರು 16,000 ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. 1877ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್ ಟೋಕಿಯೊ ಸಮೀಪದ ಓಮೊರಿ ಚಿಪ್ಪುದಿಬ್ಬವನ್ನು ಅಗೆದಾಗ ಹಗ್ಗದ ಗುರುತುಗಳಿದ್ದ ಮಡಕೆಗಳು ದೊರೆತವು. 'ಜೋಮೊನ್', ಅಂದರೆ ಹಗ್ಗದ ಗುರುತು, ಎಂಬ ಯುಗದ ಹೆಸರು ಬಂದದ್ದು ಇಂಥ ಮಡಕೆಗಳಿಂದಲೇ. ಇವುಗಳಿಗೆ ತಿಗರಿಯೂ ಇರಲಿಲ್ಲ, ಕಟ್ಟಿದ ಆವಿಗೆಯೂ ಇರಲಿಲ್ಲ. ಅವೆರಡೂ ಐದನೇ ಶತಮಾನದಲ್ಲಿ ಕೊರಿಯಾದಿಂದ ಬಂದವು. ಗುಡ್ಡದ ಇಳಿಜಾರಿನಲ್ಲಿ ಸುರಂಗದಂತೆ ತೋಡಿದ 'ಅನಗಾಮ' ಆವಿಗೆಯಲ್ಲಿ ಕಾವು 1000 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮಣ್ಣು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಮಧ್ಯಯುಗದಲ್ಲಿ ಬೆಳೆದ ಸೆಟೊ, ತೊಕೊನಾಮೆ, ಶಿಗರಾಕಿ, ತಂಬಾ, ಬಿಜೆನ್, ಎಚಿಜೆನ್ ಎಂಬ ಆರು ಕೇಂದ್ರಗಳನ್ನು 'ಆರು ಪ್ರಾಚೀನ ಆವಿಗೆಗಳು' ಎನ್ನುತ್ತಾರೆ. ಆದರೆ ಈ ಹೆಸರೇ ಪ್ರಾಚೀನವಲ್ಲ. ಅದನ್ನು ಕೊಟ್ಟವರು 20ನೇ ಶತಮಾನದ ವಿದ್ವಾಂಸ ಕೊಯಾಮಾ ಫುಜಿಯೊ.

ಹದಿನಾರನೇ ಶತಮಾನದ ಕೊನೆಯ ದಶಕಗಳಲ್ಲಿ ಚಹಾ ಗುರು ಸೆನ್ ನೊ ರಿಕ್ಯು (1522–1591) ಅಭಿರುಚಿಯನ್ನೇ ಬದಲಿಸಿದರು. ಚೀನಾದ ನುಣುಪು ಬಟ್ಟಲುಗಳ ಜಾಗಕ್ಕೆ ಚೋಜಿರೊ ಎಂಬ ಕುಂಬಾರ ಕೈಯಿಂದಲೇ ತಿದ್ದಿದ, ತಿಗರಿ ಕಾಣದ ರಾಕು ಬಟ್ಟಲು ಬಂತು. ಓರೆ, ಬಿರುಕು, ಮೆರುಗಿನ ಗಂಟು ಎಲ್ಲವೂ ಚೆಲುವೆನಿಸಿದವು. ಅದೇ ಕಾಲದ ಇನ್ನೊಂದು ಮುಖವನ್ನೂ ಹೇಳಲೇಬೇಕು. 1592–98ರಲ್ಲಿ ತೊಯೊತೊಮಿ ಹಿದೆಯೊಶಿ ಕೊರಿಯಾದ ಮೇಲೆ ನಡೆಸಿದ ದಂಡಯಾತ್ರೆಗಳಲ್ಲಿ ಅಲ್ಲಿನ ಅನೇಕ ಕುಂಬಾರರನ್ನು ಸೆರೆಹಿಡಿದು ತರಲಾಯಿತು. ಅರಿತಾ ಎಂಬ ಊರಿನಲ್ಲಿ ಪಿಂಗಾಣಿಕಲ್ಲನ್ನು ಗುರುತಿಸಿದ ಕೀರ್ತಿಯನ್ನು ಸಂಪ್ರದಾಯ ಕೊರಿಯಾ ಮೂಲದ ಕುಂಬಾರ ರಿ ಸಂಪೆಯಿಗೆ ಕೊಡುತ್ತದೆ. ಜಪಾನಿನ ಪಿಂಗಾಣಿಯ ಹುಟ್ಟಿನಲ್ಲಿ ಪರದೇಶಿಗಳಾದವರ ನೋವು ಬೆರೆತಿದೆ.

ಕಳೆದದ್ದರ ಹುಡುಕಾಟ

ರಿಕ್ಯು ಕಾಲದ ಅಭಿರುಚಿಯಿಂದ ಹುಟ್ಟಿದ ಶಿನೊ, ಹದಿನೇಳನೇ ಶತಮಾನ ಬಹಳ ಸಾಗುವ ಮೊದಲೇ ಮರೆಯಾಯಿತು. ಅರಾಕಾವಾ ಅವರಿಗೆ ಅದನ್ನು ಕಲಿಸಬಲ್ಲ ಗುರುಗಳಾರೂ ಉಳಿದಿರಲಿಲ್ಲ. ಗುರುವಾದದ್ದು ಬೋಕಿಗಳೇ. 1933ರಲ್ಲಿ ಅವರು ಮುತಾಬೋರಾದ ಹತ್ತಿರವೇ ಹಳೆಯ ಮಾದರಿಯ, ಅರ್ಧ ನೆಲದೊಳಗಿನ ಆವಿಗೆ ಕಟ್ಟಿದರು. ಫೆಲ್ಡ್‌ಸ್ಪಾರ್ ಕಲ್ಲಿನ ಪುಡಿಯ ದಪ್ಪ ಲೇಪ, ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವ ಕಾವು, ಲೇಪ ತೆಳುವಾದ ಕಡೆ ಒಸರುವ ಕೆಂಪು ಛಾಯೆ ಇವನ್ನೆಲ್ಲ ಸುಟ್ಟು, ಕೆಡಿಸಿ, ಮತ್ತೆ ಸುಟ್ಟು ಕಂಡುಕೊಂಡರು.

ಬಿಜೆನ್‌ನಲ್ಲಿ ಕನೆಶಿಗೆ ತೊಯೊ (1896–1967) ಹಿಡಿದದ್ದೂ ಇದೇ ದಾರಿ. ಬಿಜೆನ್ ಪಾತ್ರೆಗೆ ಮೆರುಗಿನ ಲೇಪವಿಲ್ಲ, ಅಲಂಕಾರವೆಲ್ಲ ಬೆಂಕಿಯದು. ಪಾತ್ರೆಗೆ ಸುತ್ತಿದ ಹುಲ್ಲು ಸುಟ್ಟಾಗ ಅದರಲ್ಲಿರುವ ಕ್ಷಾರ ಮಣ್ಣಿನ ಕಬ್ಬಿಣದೊಂದಿಗೆ ಸೇರಿ ಕೆಂಪು ಗೆರೆಗಳು ಮೂಡುತ್ತವೆ. ಪೈನ್ ಸೌದೆಯ ಬೂದಿ ಮೈಮೇಲೆ ಕೂತು ಕರಗಿದರೆ ಎಳ್ಳು ಚೆಲ್ಲಿದಂತೆ ಕಾಣುತ್ತದೆ. ಇತ್ತ ಚಿಂತಕ ಯನಾಗಿ ಸೋಯೆತ್ಸು ಜನಸಾಮಾನ್ಯರ ಬಳಕೆಯ ವಸ್ತುಗಳ ಚೆಲುವನ್ನು ಎತ್ತಿಹಿಡಿದು, 1925ರಲ್ಲಿ ಗೆಳೆಯರೊಂದಿಗೆ 'ಮಿಂಗೆಯಿ' (ಜನರ ಕಲೆ) ಎಂಬ ಪದವನ್ನೇ ಟಂಕಿಸಿದರು. ಆ ಗೆಳೆಯರಲ್ಲಿ ಒಬ್ಬರಾದ ಹಮಾದಾ ಶೋಜಿ, ಮಾಶಿಕೊ ಎಂಬ ಹಳ್ಳಿಯಲ್ಲಿ ನೆಲೆಸಿ ಅಲ್ಲಿನ ಮಣ್ಣಿನಲ್ಲಿ ಬಾಳಿನ ಕೊನೆಯವರೆಗೂ ದುಡಿದರು. 1955ರಲ್ಲಿ ಸರ್ಕಾರ ಮೊದಲ ಬಾರಿಗೆ 'ಜೀವಂತ ರಾಷ್ಟ್ರೀಯ ನಿಧಿ'ಗಳನ್ನು ಗುರುತಿಸಿದಾಗ ಹಮಾದಾ, ಅರಾಕಾವಾ ಇಬ್ಬರೂ ಆ ಪಟ್ಟಿಯಲ್ಲಿದ್ದರು.

ಬಾಯಿ ಮುಚ್ಚಿದ ಮಡಕೆ

ಅದಕ್ಕೆ ಒಂದು ವರ್ಷ ಮೊದಲು, 1954ರಲ್ಲಿ, ಕ್ಯೋಟೊದ ಯಾಗಿ ಕಜುವೊ (1918–1979) 'ಸಂಸಾ ಮಹಾಶಯರ ನಡಿಗೆ' ಎಂಬ ಕೃತಿ ರಚಿಸಿದರು. ತಿಗರಿಯಲ್ಲಿ ತಿರುಗಿಸಿದ ಮಣ್ಣಿನ ಬಳೆಯೊಂದು ಗಾಲಿಯಂತೆ ನೆಟ್ಟಗೆ ನಿಂತಿದೆ. ಅದರ ಸುತ್ತ ಹುಳುವಿನ ಕಾಲುಗಳಂತೆ ಸಣ್ಣ ಕೊಳವೆಗಳು. ಹೆಸರು ಕಾಫ್ಕಾನ ಕಥೆಯಲ್ಲಿ ಹುಳುವಾಗಿ ಮಾರ್ಪಟ್ಟ ಮನುಷ್ಯನದು. ಅದರಲ್ಲಿ ನೀರು ತುಂಬಲಾಗದು, ಹೂ ಇಡಲಾಗದು. ಯಾಗಿ, ಸುಜುಕಿ ಒಸಾಮು, ಯಮಾದಾ ಹಿಕಾರು ಮತ್ತಿತರರು 1948ರಲ್ಲಿ ಕಟ್ಟಿದ್ದ 'ಸೋದೆಯಿಶಾ' ಗುಂಪು ಮಡಕೆಯ ಬಾಯಿಯನ್ನು ಮುಚ್ಚಿ, ಬಳಕೆಯ ಹಂಗಿನಿಂದ ಮಣ್ಣನ್ನು ಬಿಡಿಸಿತು.

ಇದು ಪರಂಪರೆಯ ನಿರಾಕರಣೆ ಎಂಬ ಮಾತು ಅರ್ಧಸತ್ಯ. ಯಾಗಿ ಕುಂಬಾರರ ಮಗ. ಆ ಬಳೆಯನ್ನು ಅವರು ಎಬ್ಬಿಸಿದ್ದು ತಿಗರಿಯ ಮೇಲೆಯೇ. ಗುಂಪಿನ ಹೆಸರು ಕೂಡ ಚೀನಾದ ಪ್ರಾಚೀನ ಜುನ್ ಪಾತ್ರೆಗಳ ಮೆರುಗಿನಲ್ಲಿ ಕಾಣುವ, ಕೆಸರಿನಲ್ಲಿ ಎರೆಹುಳು ಹರಿದಂಥ ಗೆರೆಗಳಿಂದ ಬಂದದ್ದು. ಅರಾಕಾವಾ ಹಿಂದಕ್ಕೆ ನಡೆದರು, ಯಾಗಿ ಮುಂದಕ್ಕೆ ನಡೆದರು. ರೂಢಿಯ ಮಾತಿಗೆ ತಲೆಬಾಗದೆ ಮಣ್ಣನ್ನೇ ಕೇಳಿ ನೋಡುವ ಹಟ ಇಬ್ಬರದೂ ಒಂದೇ.

ಇಂದಿನ ಕೈಗಳು

ಆವಿಗೆಯ ಸುತ್ತ ಶತಮಾನಗಳ ಕಾಲ ಹೆಣ್ಣುಮಕ್ಕಳಿಗೆ ಸಮಾನ ಸ್ಥಾನ ಇರಲಿಲ್ಲ. 1957ರಲ್ಲಿ ತ್ಸುಬೊಯಿ ಅಸುಕಾ ಮಹಿಳಾ ಕುಂಭಕಲಾವಿದರ ಸಂಘ ಕಟ್ಟಿ ಆ ಬಾಗಿಲನ್ನು ತಳ್ಳಿದರು. 2023ರಲ್ಲಿ ಲೋವೆ ಕರಕುಶಲ ಪ್ರಶಸ್ತಿ ಪಡೆದ ಇನಜಾಕಿ ಎರಿಕೊ ಅವರ ಕೃತಿ, ಮಣ್ಣಿನ ಸೂಕ್ಷ್ಮ ತುಣುಕುಗಳು ಒತ್ತಾಗಿ ಬೆಳೆದಂತೆ ಮೈದಳೆದಿದೆ.

ಮಿನೊ ಪ್ರದೇಶದಲ್ಲೇ ಕಲಿತು ನೆಲೆಸಿದ ಕುವಾತಾ ತಕುರೊ (ಜನನ 1981) ಅವರ ಬಟ್ಟಲುಗಳನ್ನು ಕಂಡವರು ಮೊದಲು ಬೆಚ್ಚುತ್ತಾರೆ: ಢಾಳಾದ ಗುಲಾಬಿ, ಹಳದಿ, ಚಿನ್ನದ ಬಣ್ಣ, ಸಿಪ್ಪೆಯಂತೆ ಎದ್ದ ಮೆರುಗು, ಮೈಯಿಂದ ಸಿಡಿದು ಹೊರಬಂದ ಕಲ್ಲುಗಳು. ಸಿಪ್ಪೆಯೆದ್ದ ಮೆರುಗೂ ಸಿಡಿದ ಕಲ್ಲೂ ಅವರು ಹೊಸದಾಗಿ ಹುಟ್ಟಿಸಿದವಲ್ಲ. ಮೆರುಗು ಕುಗ್ಗಿ ಗಂಟುಗಟ್ಟುವುದಕ್ಕೆ 'ಕೈರಾಗಿ', ಮಣ್ಣಿನೊಳಗಿನ ಕಲ್ಲು ಬೆಂಕಿಯಲ್ಲಿ ಸಿಡಿಯುವುದಕ್ಕೆ 'ಇಶಿಹಜೆ' ಎಂದು ಹೆಸರಿಟ್ಟು ಮೆಚ್ಚಿದವರು ಹಿಂದಿನ ಚಹಾ ರಸಿಕರು. ಅವರು ಅಂಗೈಯಲ್ಲಿಟ್ಟು ಸವಿದ ದೋಷವನ್ನು ಕುವಾತಾ ಕೋಣೆಯ ಆಚೆಯಿಂದಲೂ ಕಾಣುವಷ್ಟು ಬೆಳೆಸಿದ್ದಾರೆ.

ಆವಿಗೆಯ ಪಕ್ಕದಲ್ಲಿ ಸಿಗುವ ಬೋಕಿ ಎಂದರೆ ಸಾಮಾನ್ಯವಾಗಿ ಕೆಟ್ಟುಹೋಯಿತೆಂದು ಕುಂಬಾರ ಎಸೆದದ್ದು. ಮುತಾಬೋರಾದಲ್ಲಿ ಹಾಗೆ ಬಿದ್ದಿದ್ದ ಒಂದು ಚೂರು ಮುನ್ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಅರಾಕಾವಾ ಅವರಿಗೆ ಪಾಠವಾಯಿತು. ಅದೇ ಮಿನೊ ಸೀಮೆಯಲ್ಲಿ ಇಂದು ಕುವಾತಾ, ಒಡೆದದ್ದನ್ನೂ ಸಿಡಿದದ್ದನ್ನೂ ಎಸೆಯದೆ ಕೃತಿಯಾಗಿಸಿ ನಿಲ್ಲಿಸುತ್ತಿದ್ದಾರೆ.