ಕೇಳಿಸಿಕೊಳ್ಳುವ ಮುಖ: ಗಿರೀಶ ಕಾರ್ನಾಡರ ನಿರ್ದೇಶನದ ಮೂಲವನ್ನು ಕುರಿತು

ಗಿರೀಶ ಕಾರ್ನಾಡರ ಸಿನಿಮಾಗಳ ಬಗ್ಗೆ ಬರೆಯುವವರು ಒಂದು ಮಾತನ್ನು ಸಾಮಾನ್ಯವಾಗಿ ಪರೀಕ್ಷಿಸದೆ ಮುಂದೆ ಹೋಗುತ್ತಾರೆ. ಕಾರ್ನಾಡರು ನಾಟಕಕಾರರಾಗಿ ಬೆಳೆದು ಸಿನಿಮಾಕ್ಕೆ ಬಂದವರು, ಆದ್ದರಿಂದ ಅವರದು ನಾಟಕಕಾರನ ಸಿನಿಮಾ ಎಂಬುದು ಆ ಮಾತು. ತಾವು ಮೊದಲು ನಾಟಕಕಾರರು ಎಂದು ಕಾರ್ನಾಡರೇ ಹಲವು ಸಲ ಹೇಳಿಕೊಂಡಿದ್ದರಿಂದ ಅದಕ್ಕೆ ಸಾಕ್ಷಿಯ ಬಲವೂ ಬಂದಿದೆ. ಆದರೆ ಕಲಾವಿದ ತನ್ನ ಬಗ್ಗೆ ಹೇಳಿಕೊಂಡದ್ದು ಸಂಶೋಧಕನಿಗೆ ಒಂದು ಆಕರ ಮಾತ್ರ, ಅದೇ ತೀರ್ಪಲ್ಲ. ಕಾರ್ನಾಡರೊಳಗಿನ ನಿರ್ದೇಶಕನನ್ನು ರೂಪಿಸಿದವನು ಅವರೊಳಗಿನ ನಟ ಎಂದು ಈ ಲೇಖನದಲ್ಲಿ ವಾದಿಸುತ್ತೇನೆ.

ಒಪ್ಪಿತ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. ಕಾರ್ನಾಡರು 1938ರಲ್ಲಿ ಮಾಥೇರಾನಿನಲ್ಲಿ ಹುಟ್ಟಿದರು, ಶಿರಸಿ ಮತ್ತು ಧಾರವಾಡಗಳಲ್ಲಿ ಬೆಳೆದರು, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋಗಿಬಂದರು. 1961ರಲ್ಲಿ ‘ಯಯಾತಿ’, 1964ರಲ್ಲಿ ‘ತುಘಲಕ್’ ಪ್ರಕಟವಾದವು. ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ನೌಕರಿಯಲ್ಲಿದ್ದಾಗ ಮದ್ರಾಸ್ ಪ್ಲೇಯರ್ಸ್ ಎಂಬ ಹವ್ಯಾಸಿ ರಂಗತಂಡದ ಒಡನಾಟ ಬೆಳೆಯಿತು. ಆ ಒಡನಾಟದ ಫಲವೇ ಪಟ್ಟಾಭಿರಾಮ ರೆಡ್ಡಿ ನಿರ್ದೇಶನದ ‘ಸಂಸ್ಕಾರ’ (1970). ಅದರ ಚಿತ್ರಕಥೆ ಕಾರ್ನಾಡರದು, ಪ್ರಾಣೇಶಾಚಾರ್ಯನ ಪಾತ್ರವೂ ಅವರದೇ. ಮರುವರ್ಷವೇ ಬಿ.ವಿ. ಕಾರಂತರ ಜೊತೆ ‘ವಂಶವೃಕ್ಷ’ವನ್ನು ನಿರ್ದೇಶಿಸಿದರು. 1971ರ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಇಬ್ಬರಿಗೂ ಸೇರಿ ಬಂತು. ಆಮೇಲೆ ‘ಕಾಡು’ (1973), ‘ತಬ್ಬಲಿಯು ನೀನಾದೆ ಮಗನೆ’ (1977), ‘ಒಂದಾನೊಂದು ಕಾಲದಲ್ಲಿ’ (1978), ಹಿಂದಿಯ ‘ಉತ್ಸವ್’ (1984), ‘ಚೆಲುವಿ’ (1992), ‘ಕಾನೂರು ಹೆಗ್ಗಡಿತಿ’ (1999) ಬಂದವು. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ.

ಹಾಸನ ಜಿಲ್ಲೆಯಲ್ಲಿ ಕುಳಿತು ಈ ವಿಷಯ ಬರೆಯುವುದಕ್ಕೆ ಕಾರಣವಿದೆ. ಕಾರ್ನಾಡರು ಕಾರಂತರ ಜೊತೆ ನಿರ್ದೇಶಿಸಿದ ಎರಡೂ ಚಿತ್ರಗಳ ಕಾದಂಬರಿಕಾರರು ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪನವರು. ಹೊಳೆನರಸೀಪುರ, ಅರಕಲಗೂಡಿನ ಕಡೆಯ ಓದುಗರು ‘ವಂಶವೃಕ್ಷ’ವನ್ನಾಗಲಿ ‘ತಬ್ಬಲಿಯು ನೀನಾದೆ ಮಗನೆ’ಯನ್ನಾಗಲಿ ಮೊದಲು ಪುಸ್ತಕವಾಗಿ ಓದಿ, ಆಮೇಲೆ ಸಿನಿಮಾವಾಗಿ ನೋಡಿದವರು. ಕಾದಂಬರಿಯಲ್ಲಿದ್ದ ಯಾವುದು ಪರದೆಗೆ ಬಂತು, ಯಾವುದು ಬಿಟ್ಟುಹೋಯಿತು ಎಂಬ ಲೆಕ್ಕ ಇಲ್ಲಿನ ಮನೆಮಾತು. ನನ್ನ ಪ್ರಶ್ನೆ ಹುಟ್ಟಿದ್ದೂ ಆ ಲೆಕ್ಕದಿಂದಲೇ.

ಮೊದಲ ಆಧಾರ ಎಲ್ಲರ ಕಣ್ಣೆದುರಿಗೇ ಇದೆ, ಆದರೂ ಅದಕ್ಕೆ ಸಲ್ಲಬೇಕಾದ ತೂಕ ಸಂದಿಲ್ಲ. ಕಾರ್ನಾಡರು ತಮ್ಮ ನಾಟಕಗಳಲ್ಲಿ ಒಂದನ್ನೂ ತಾವೇ ಚಲನಚಿತ್ರವಾಗಿ ನಿರ್ದೇಶಿಸಲಿಲ್ಲ. ‘ತುಘಲಕ್’ ಕೈಯಲ್ಲಿತ್ತು, ‘ಹಯವದನ’ ಇತ್ತು, ‘ನಾಗಮಂಡಲ’ ಇತ್ತು. ‘ನಾಗಮಂಡಲ’ವನ್ನು 1997ರಲ್ಲಿ ಸಿನಿಮಾ ಮಾಡಿದವರು ಟಿ.ಎಸ್. ನಾಗಾಭರಣ. ‘ಅಗ್ನಿ ಮತ್ತು ಮಳೆ’ ಹಿಂದಿಯಲ್ಲಿ ‘ಅಗ್ನಿವರ್ಷ’ವಾದಾಗ ಅದರ ನಿರ್ದೇಶಕ ಅರ್ಜುನ್ ಸಜ್ನಾನಿ. ಕಾರ್ನಾಡರು ತಮಗಾಗಿ ಆರಿಸಿಕೊಂಡದ್ದು ಭೈರಪ್ಪ, ಶ್ರೀಕೃಷ್ಣ ಆಲನಹಳ್ಳಿ, ಕುವೆಂಪು ಅವರ ಕಾದಂಬರಿಗಳನ್ನು, ಒಂದು ಜಾನಪದ ಕಥೆಯನ್ನು, ಶೂದ್ರಕನ ಮೃಚ್ಛಕಟಿಕವನ್ನು. ‘ಒಂದಾನೊಂದು ಕಾಲದಲ್ಲಿ’ ಮಾತ್ರ ಸಿನಿಮಾಕ್ಕೆಂದೇ ಹೊಸೆದ ಕಥೆ. ನಾಟಕಕಾರನ ಸಿನಿಮಾ ಎನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು: ಸಿನಿಮಾದ ಬಾಗಿಲಲ್ಲಿ ನಾಟಕಕಾರ ತನ್ನ ನಾಟಕಗಳನ್ನೆಲ್ಲ ಹೊರಗಿಟ್ಟು ಒಳಗೆ ಹೋದದ್ದೇಕೆ?

ಎರಡನೆಯ ಆಧಾರಕ್ಕೆ ‘ಸಂಸ್ಕಾರ’ದ ಪಾತ್ರವನ್ನು ಹತ್ತಿರದಿಂದ ನೋಡಬೇಕು. ಪ್ರಾಣೇಶಾಚಾರ್ಯ ವೇದಾಂತ ಶಿರೋಮಣಿ, ಇಡೀ ಅಗ್ರಹಾರ ಅವನ ಬಾಯಿಂದ ಬರುವ ಮಾತಿಗೆ ಕಾದು ಕುಳಿತಿದೆ. ಆಚಾರ ಬಿಟ್ಟಿದ್ದ ನಾರಣಪ್ಪನ ಹೆಣ ಮನೆಯಲ್ಲಿ ಬಿದ್ದಿದೆ, ಸಂಸ್ಕಾರ ಮಾಡುವವರು ಯಾರು ಎಂಬುದು ತೀರ್ಮಾನವಾಗಬೇಕು. ಗ್ರಂಥಗಳನ್ನು ತಿರುವಿಹಾಕಿದರೂ ಉತ್ತರ ಸಿಗುವುದಿಲ್ಲ, ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕೆ ಕಾದರೂ ಸಿಗುವುದಿಲ್ಲ. ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿಯನ್ನು ಕೂಡಿದ ಮೇಲೆ ಆ ಮನುಷ್ಯನ ಬಾಯಿಂದ ಮಾತೇ ಕಳಚಿಬೀಳುತ್ತದೆ. ಊರು ಬಿಟ್ಟು ನಡೆಯುವಾಗ ದಾರಿಯಲ್ಲಿ ಪುಟ್ಟ ಎಂಬವನು ಜೊತೆಯಾಗುತ್ತಾನೆ. ಪುಟ್ಟನ ಹರಟೆ ನಿಲ್ಲುವುದಿಲ್ಲ, ಆಚಾರ್ಯ ಕೇಳಿಸಿಕೊಳ್ಳುತ್ತ ನಡೆಯುತ್ತಾನೆ. ತುಘಲಕನ ಬಾಯಿಗೆ ಉದ್ದುದ್ದ ಮಾತು ಕೊಟ್ಟ ಲೇಖಕ ತಾನು ಕ್ಯಾಮೆರಾದ ಎದುರು ನಿಂತಾಗ ಮಾಡಬೇಕಾಗಿ ಬಂದದ್ದು ಈ ಕೆಲಸ. ಇನ್ನೊಬ್ಬ ಮಾತಾಡುತ್ತಿರುವಾಗ ತನ್ನ ಮುಖದಲ್ಲಿ ಏನು ನಡೆಯಬೇಕು ಎಂಬುದನ್ನು ಬರವಣಿಗೆಯ ಮೇಜು ಕಲಿಸಲಾರದು. ಅದನ್ನು ಕ್ಯಾಮೆರಾದ ಎದುರು ದಿನಗಟ್ಟಲೆ ನಿಂತೇ ಕಲಿಯಬೇಕು.

ಆ ಪಾಠ ‘ಕಾಡು’ವಿನಲ್ಲಿ ಎದ್ದು ಕಾಣುತ್ತದೆ. ಚಂದ್ರೇಗೌಡ, ಅವನ ಹೆಂಡತಿ ಕಮಲಿ, ಪಕ್ಕದ ಊರಿನ ಹೆಂಗಸು, ಎರಡು ಊರುಗಳ ಹಗೆತನ, ಎಲ್ಲವೂ ಕಿಟ್ಟಿ ಎಂಬ ಹುಡುಗನ ಕಣ್ಣು ಕಿವಿಗಳ ಮೂಲಕ ನಮಗೆ ಮುಟ್ಟುತ್ತವೆ. ಹುಡುಗನಿಗೆ ಅರ್ಥವಾಗುವುದು ಅಷ್ಟಿಷ್ಟು, ಕೇಳಿಸುವುದು ಎಲ್ಲವೂ. ದೊಡ್ಡವರು ಆಡಿದ ಮಾತಿನ ಭಾರ ಅವನ ಮುಖದ ಮೇಲೆ ಬೀಳುತ್ತದೆ. ಕಿಟ್ಟಿಯ ಪಾತ್ರ ಮಾಡಿದ ನಟರಾಜನಿಗೆ ಬಾಲನಟನ ರಾಷ್ಟ್ರಪ್ರಶಸ್ತಿ, ಕಮಲಿಯಾದ ನಂದಿನಿ ಭಕ್ತವತ್ಸಲರಿಗೆ ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿ ಬಂದವು. ಒಂದೇ ಚಿತ್ರದ ಒಬ್ಬ ಹುಡುಗ, ಒಬ್ಬ ಹೆಂಗಸು, ಇಬ್ಬರಿಗೂ ಆ ಮನ್ನಣೆ ಸಿಗಬೇಕಾದರೆ ನಟರನ್ನು ಹದಗೊಳಿಸುವ ಕೈ ಹಿಂದೆ ಇದ್ದಿರಲೇಬೇಕು.

ಮೂರನೆಯ ಆಧಾರ ಪಾತ್ರಧಾರಿಗಳ ಆಯ್ಕೆ. ‘ಕಾಡು’ವಿನ ಚಂದ್ರೇಗೌಡ ಅಮರೀಶ್ ಪುರಿ. ‘ತಬ್ಬಲಿಯು ನೀನಾದೆ ಮಗನೆ’ಯಲ್ಲಿ ನಸೀರುದ್ದೀನ್ ಶಾ ಇದ್ದಾರೆ. ಇಬ್ಬರಿಗೂ ಕನ್ನಡ ತಾಯಿನುಡಿಯಲ್ಲ. ನುಡಿಯೇ ಪ್ರಾಣವೆಂದು ನಂಬಿದ ನಾಟಕಕಾರ ಹಳೆಯ ಮೈಸೂರು ಸೀಮೆಯ ಒಕ್ಕಲಿಗ ಗೌಡನ ಪಾತ್ರವನ್ನು ಮುಂಬಯಿಯ ನಟನ ಕೈಗೆ ಕೊಡಲು ಹಿಂಜರಿಯುತ್ತಿದ್ದ. ಮುಖವನ್ನೂ ಮೈಕಟ್ಟನ್ನೂ ನಂಬಿದವನು ಕೊಟ್ಟುಬಿಟ್ಟ. ಇದರಲ್ಲಿ ನಷ್ಟವಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿಯ ಹಳ್ಳಿಯವರ ಮಾತಿನಲ್ಲಿ ನಮ್ಮ ಕಡೆಯ ಎಳೆತ ಇದೆ, ಹಸು ಕರುವನ್ನು ಕರೆಯುವಾಗಲೂ ಬೈಯುವಾಗಲೂ ಬರುವ ಒಂದು ಸಲಿಗೆ ಇದೆ. ಹಳ್ಳಿಕಾರ್ ದನ ಕಟ್ಟಿ ಬೆಳೆದ ಮನೆಯವರಿಗೆ ಅದು ಕಿವಿಗೆ ಬಿದ್ದೊಡನೆ ಗುರುತು ಹತ್ತುತ್ತದೆ. ಸಿನಿಮಾದಲ್ಲಿ ಅದು ತೆಳುವಾಯಿತು. ಆ ನಷ್ಟವನ್ನು ಲೆಕ್ಕಿಸದೆ ಮುಖವನ್ನೇ ಆರಿಸಿಕೊಂಡದ್ದು ನಿರ್ದೇಶಕನ ಒಲವು ಯಾವ ಕಡೆಗಿತ್ತು ಎಂಬುದಕ್ಕೆ ಗುರುತು. 1974–75ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದಾಗ ನಟನಾ ವಿಭಾಗದ ವಿದ್ಯಾರ್ಥಿಗಳ ಮುಷ್ಕರವನ್ನು ಅವರು ಎದುರಿಸಿದರು. ಆ ಮುಷ್ಕರದಲ್ಲಿದ್ದ ನಸೀರುದ್ದೀನರ ಹೆಸರನ್ನೇ ‘ನಿಶಾಂತ್’ ಚಿತ್ರಕ್ಕೆಂದು ಶ್ಯಾಮ್ ಬೆನೆಗಲ್ ಅವರಿಗೆ ಸೂಚಿಸಿದವರೂ ಅವರೇ. ನಟನೊಬ್ಬನನ್ನು ಗುರುತಿಸುವ ಕಣ್ಣು ಎಷ್ಟು ನಿಷ್ಪಕ್ಷವಾಗಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ನನ್ನ ವಾದಕ್ಕೆ ಎದುರಾಗುವ ಆಕ್ಷೇಪಗಳು. ಮೊದಲನೆಯದು, ಕಾರಂತರ ಪಾಲು. ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿ, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಕಾರಂತರು ನಟರನ್ನು ತಯಾರು ಮಾಡುವುದರಲ್ಲಿ ಕಾರ್ನಾಡರಿಗಿಂತ ಪಳಗಿದವರು. ‘ವಂಶವೃಕ್ಷ’ದಲ್ಲಿ ಶ್ರೋತ್ರಿಯಾದ ವೆಂಕಟರಾವ್ ತಲಗೇರಿಯವರ ನಿಗ್ರಹ, ಕಾತ್ಯಾಯಿನಿಯಾದ ಎಲ್.ವಿ. ಶಾರದಾ ಅವರ ಸಂಕಟ ಇವುಗಳ ಶ್ರೇಯಸ್ಸನ್ನು ಇಬ್ಬರಲ್ಲಿ ಹೇಗೆ ಹಂಚುವುದು? ನಾನು ಹಂಚುವುದಿಲ್ಲ. ಆ ಕಾರಣಕ್ಕಾಗಿಯೇ ವಾದದ ಭಾರವನ್ನು ಕಾರ್ನಾಡರೊಬ್ಬರೇ ನಿರ್ದೇಶಿಸಿದ ‘ಕಾಡು’ವಿನ ಮೇಲೆ ಹೊರಿಸಿದ್ದೇನೆ. ಅಲ್ಲಿಯೂ ಗೋವಿಂದ ನಿಹಲಾನಿಯವರ ಕ್ಯಾಮೆರಾ ಇತ್ತು, ಕಾರಂತರ ಸಂಗೀತವಿತ್ತು ಎಂಬುದನ್ನು ಮರೆಯಬಾರದು. ಹುಡುಗನ ಕಣ್ಣಿನಿಂದ ಕಥೆ ಹೇಳಿದ್ದು ಮೊದಲು ಆಲನಹಳ್ಳಿಯವರು ಎಂಬುದೂ ನಿಜ. ಆದರೆ ಕಾದಂಬರಿಕಾರ ಕಿಟ್ಟಿಯ ಮನಸ್ಸಿನೊಳಗೆ ಹೊಕ್ಕು ಹೇಳಬಲ್ಲ, ಸಿನಿಮಾದವನಿಗೆ ಸಿಕ್ಕುವುದು ಮುಖವೊಂದೇ. ಒಳಗಿನದನ್ನು ಹೊರಗಿನ ಮುಖದಲ್ಲಿ ಕಾಣಿಸುವ ಆ ದಾಟುವಿಕೆಯಲ್ಲಿ ನಾನು ನಟನ ಅನುಭವವನ್ನು ಕಾಣುತ್ತೇನೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ‘ಸಂಸ್ಕಾರ’ದಲ್ಲಿ ನಟಿಸಿದ ವ್ಯಕ್ತಿಯೇ ಅದರ ಚಿತ್ರಕಥೆಯನ್ನೂ ಬರೆದಿದ್ದಾಗ ನಟ ಎಲ್ಲಿ ಮುಗಿದ, ಲೇಖಕ ಎಲ್ಲಿ ಶುರುವಾದ ಎಂದು ಗೆರೆ ಎಳೆಯಲು ಬರುವುದಿಲ್ಲ. ಇದನ್ನು ನಾನು ಒಪ್ಪುತ್ತೇನೆ. ‘ಕಾನೂರು ಹೆಗ್ಗಡಿತಿ’ಯಲ್ಲಿ ಕಾರ್ನಾಡರೇ ಚಂದ್ರೇಗೌಡನ ಪಾತ್ರ ವಹಿಸಿದರೂ, ನನ್ನ ತಿಳಿವಳಿಕೆಯಲ್ಲಿ ಅಲ್ಲಿ ಮಾತು ಮುಖವನ್ನು ಹಿಂದೆ ಹಾಕಿತು. ಆದ್ದರಿಂದ ವಾದವನ್ನು ಎಪ್ಪತ್ತರ ದಶಕದ ಕನ್ನಡ ಚಿತ್ರಗಳಿಗೆ ಸೀಮಿತಗೊಳಿಸುತ್ತೇನೆ. ಆ ಮಿತಿಯೊಳಗೆ ಅದು ನಿಲ್ಲುತ್ತದೆ ಎಂಬ ಭರವಸೆ ನನಗಿದೆ.

ಆ ದಶಕದ ಬಗ್ಗೆ ಇನ್ನೊಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ‘ಸಂಸ್ಕಾರ’ದಲ್ಲಿ ನಾರಣಪ್ಪನಾಗಿದ್ದವರು ಪಿ. ಲಂಕೇಶ್. 1976ರ ಸಾಲಿನಲ್ಲಿ ‘ಪಲ್ಲವಿ’ಗಾಗಿ ಅವರಿಗೂ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಅಂದರೆ ಒಂದು ಚಿತ್ರದ ಎದುರುಬದುರು ಪಾತ್ರಗಳ ಇಬ್ಬರು ನಟರು ಆರು ವರ್ಷದೊಳಗೆ ದೇಶದ ಅತ್ಯುತ್ತಮ ನಿರ್ದೇಶಕರೆನಿಸಿಕೊಂಡರು. ‘ಪಲ್ಲವಿ’ಯಲ್ಲಿ ನಟಿಸಿದ ಟಿ.ಎನ್. ಸೀತಾರಾಂ ಮುಂದೆ ನಿರ್ದೇಶಕರಾಗಿ ‘ಮತದಾನ’ ಮಾಡಿದರು, ಅದೂ ಭೈರಪ್ಪನವರ ಕಾದಂಬರಿ. ‘ಕಾಡು’ವಿನಲ್ಲಿದ್ದ ಲೋಕೇಶ್ ಆಲನಹಳ್ಳಿಯವರದೇ ‘ಭುಜಂಗಯ್ಯನ ದಶಾವತಾರ’ವನ್ನು ನಿರ್ದೇಶಿಸಿದರು. ‘ಒಂದಾನೊಂದು ಕಾಲದಲ್ಲಿ’ಯ ಶಂಕರ್ ನಾಗ್ ‘ಮಿಂಚಿನ ಓಟ’ದಿಂದ ನಿರ್ದೇಶಕರಾದರು, ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಂದೆಯಾಗಿ ಕಾರ್ನಾಡರನ್ನೇ ತಮ್ಮ ಕ್ಯಾಮೆರಾದ ಎದುರು ನಿಲ್ಲಿಸಿದರು. ಇಷ್ಟೊಂದು ನಟರು ಒಬ್ಬರ ಹಿಂದೆ ಒಬ್ಬರು ಕ್ಯಾಮೆರಾದ ಹಿಂಬದಿಗೆ ಹೋದದ್ದನ್ನು ಕಾಕತಾಳೀಯ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕನ್ನಡದ ಹೊಸ ಅಲೆಯನ್ನು ಸಾಹಿತ್ಯ ಕೃತಿಗಳ ಪಟ್ಟಿಯಾಗಿ ಓದುವ ರೂಢಿಯ ಜೊತೆಗೆ ನಟರ ವಂಶಾವಳಿಯಾಗಿಯೂ ಓದಬೇಕು.

ಕಾರಂತ ಮತ್ತು ಕಾರ್ನಾಡರ ನಡುವೆ ಕೆಲಸ ಹೇಗೆ ಹಂಚಿಕೆಯಾಗಿತ್ತು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಅದು ಬಗೆಹರಿಯುವುದು ಚಿತ್ರೀಕರಣದ ಕಾಲದ ಕಾಗದಗಳಿಂದ: ಅಂಚಿನಲ್ಲಿ ಗುರುತು ಹಾಕಿದ ಚಿತ್ರಕಥೆಯ ಪ್ರತಿ, ಸ್ಥಿರಚಿತ್ರ, ಪತ್ರ, ಸಣ್ಣ ಪಾತ್ರ ಮಾಡಿದವರ ನೆನಪು. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕಾರ್ನಾಡರು 2019ರಲ್ಲಿ, ಕಾರಂತರು 2002ರಲ್ಲೇ ಹೋದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳ ಅಟ್ಟದಲ್ಲಿ ಈ ಚಿತ್ರಗಳಿಗೆ ಸಂಬಂಧಿಸಿದ ಒಂದು ಹಾಳೆ ಇದ್ದರೂ ಅದನ್ನು ರದ್ದಿಗೆ ಹಾಕಬೇಡಿ, ಹಾಸನದ ಹೇಮಗಂಗೋತ್ರಿ ವಿಶ್ವವಿದ್ಯಾಲಯ ಆವರಣದ ಗ್ರಂಥಾಲಯಕ್ಕೆ ಒಂದು ಪ್ರತಿಯನ್ನು ತಲುಪಿಸಿ ಎಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ.